ಜಾಝ್ ಗಿಟಾರ್ ಕಲಿತು ಸ್ಟುಡಿಯೋ ಕೆಲಸದಲ್ಲಿ ಬದುಕು ಕಟ್ಟಿಕೊಳ್ಳುವುದು ಹೇಗೆ

ಜಾಝ್ ಗಿಟಾರ್ ಹುಚ್ಚು ಹಿಡಿದವರೆಲ್ಲ ಒಂದಲ್ಲ ಒಂದು ದಿನ ಕೇಳಿಕೊಳ್ಳುವ ಪ್ರಶ್ನೆ ಇದು: ಇದರಲ್ಲಿ ಜೀವನ ನಡೆಯುತ್ತಾ? ಕ್ಲಬ್ಬಿನಲ್ಲಿ ಜಾಝ್ ನುಡಿಸಿ ಬರುವ ಹಣವೊಂದನ್ನೇ ನಂಬಿ ಸಂಸಾರ ತೂಗಿಸಿದವರು ಜಾಝ್ ಹುಟ್ಟಿದ ಅಮೆರಿಕದಲ್ಲೂ ಕಡಿಮೆ. ಆದರೆ ಅಲ್ಲಿ ಬೇರೊಂದು ದಾರಿ ಹಿಡಿದವರಿದ್ದಾರೆ. ಹಗಲು ಸ್ಟುಡಿಯೋದಲ್ಲಿ ಇನ್ನೊಬ್ಬರ ಹಾಡಿಗೆ ಗಿಟಾರ್, ರಾತ್ರಿ ತಮ್ಮದೇ ಜಾಝ್. 1950 ಮತ್ತು 60ರ ದಶಕದ ಲಾಸ್ ಏಂಜಲೀಸ್‌ನಲ್ಲಿ ಬಾರ್ನಿ ಕೆಸೆಲ್, ಹೊವಾರ್ಡ್ ರಾಬರ್ಟ್ಸ್, ಟಾಮಿ ಟೆಡೆಸ್ಕೊ, ಕ್ಯಾರಲ್ ಕೇ ಇವರೆಲ್ಲ ಹೀಗೆ ಬದುಕಿದರು. ಈ ದಾರಿಯಲ್ಲಿ ಹೋಗಬೇಕು ಅಂದುಕೊಂಡವರಿಗೆ ಅವರ ಬದುಕಿಗಿಂತ ಒಳ್ಳೆಯ ಪಾಠ ಇಲ್ಲ ಅನ್ನುವುದು ನನ್ನ ನಂಬಿಕೆ. ಅದಕ್ಕೇ ಇಲ್ಲಿ ಅವರನ್ನು ಮುಂದಿಟ್ಟುಕೊಂಡೇ ಹೇಳುತ್ತೇನೆ.

ಸೆಷನ್ ವಾದಕ ಅಂದರೆ ಯಾರು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಯಾವ ಬ್ಯಾಂಡಿಗೂ ಸೇರದೆ, ಕರೆದವರ ರೆಕಾರ್ಡಿಂಗ್‌ಗೆ ಹೋಗಿ, ಅವರು ಕೊಟ್ಟದ್ದನ್ನು ನುಡಿಸಿ, ಹಣ ಪಡೆದು ಬರುವವರು. ಇದು ನಮಗೇನೂ ಹೊಸದಲ್ಲ. ಕನ್ನಡದ ಹಳೆಯ ಚಿತ್ರಗೀತೆಗಳು ಹೆಚ್ಚಾಗಿ ರೆಕಾರ್ಡ್ ಆದದ್ದು ಮದ್ರಾಸಿನಲ್ಲಿ. ಅದೇ ವಾದಕರು ಬೆಳಿಗ್ಗೆ ಕನ್ನಡಕ್ಕೆ, ಮಧ್ಯಾಹ್ನ ತೆಲುಗಿಗೆ ನುಡಿಸುತ್ತಿದ್ದ ಕಾಲ ಅದು. ನಮ್ಮ ಜಿ.ಕೆ. ವೆಂಕಟೇಶ್ ಅವರ ತಂಡದಲ್ಲಿ ಗಿಟಾರ್ ನುಡಿಸುತ್ತಾ, ಅವರಿಗೆ ಸಹಾಯಕರಾಗಿ ದುಡಿಯುತ್ತಾ ಇದ್ದ ಒಬ್ಬ ಹುಡುಗ 1976ರಲ್ಲಿ ಸ್ವತಂತ್ರವಾಗಿ ಸಂಗೀತ ನಿರ್ದೇಶಕನಾದ. ಆ ಹುಡುಗನೇ ಇಳಯರಾಜ. ಸೆಷನ್ ಕುರ್ಚಿಯಲ್ಲಿ ಕೂತವರು ಎಷ್ಟೆಲ್ಲಾ ಕಲಿಯಬಹುದು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ, ಅಲ್ವಾ?

ಮೊದಲು ಕಿವಿ

ಬಾರ್ನಿ ಕೆಸೆಲ್ ಹುಟ್ಟಿದ್ದು 1923ರಲ್ಲಿ, ಓಕ್ಲಹೋಮ ರಾಜ್ಯದ ಮಸ್ಕೋಗಿ ಎಂಬ ಊರಿನಲ್ಲಿ. ಅದೇ ರಾಜ್ಯದಲ್ಲಿ ಬೆಳೆದ ಚಾರ್ಲಿ ಕ್ರಿಶ್ಚಿಯನ್ ಅವರ ಪಾಲಿನ ದೇವರು. ಎಲೆಕ್ಟ್ರಿಕ್ ಗಿಟಾರನ್ನು ಸ್ಯಾಕ್ಸೋಫೋನಿಗೆ ಸಮನಾಗಿ ಸೋಲೋ ವಾದ್ಯವನ್ನಾಗಿ ನಿಲ್ಲಿಸಿದವರಲ್ಲಿ ಚಾರ್ಲಿ ದೊಡ್ಡ ಹೆಸರು. 1939ರಲ್ಲಿ ಬೆನ್ನಿ ಗುಡ್‌ಮನ್ ತಂಡ ಸೇರಿ, 1942ರಲ್ಲಿ 25 ತುಂಬಿದ ವಯಸ್ಸಿನಲ್ಲೇ ತೀರಿಕೊಂಡರು. ಕೆಸೆಲ್‌ಗೆ ಹದಿನಾರರ ಹೊತ್ತಿಗೆ ಅವರ ಜೊತೆ ಕೂತು ನುಡಿಸುವ ಅವಕಾಶ ಸಿಕ್ಕಿತು. ತಾನು ನುಡಿಸುತ್ತಿರುವುದೆಲ್ಲ ಚಾರ್ಲಿಯದ್ದೇ, ತನ್ನದು ಅಂತ ಏನೂ ಇಲ್ಲ ಅನ್ನುವುದು ಅವರಿಗೆ ಅರಿವಾಗಿದ್ದು ಆಗಲೇ.

ಇದರಿಂದ ನಾವು ತೆಗೆದುಕೊಳ್ಳಬೇಕಾದ್ದು ನಕಲು ಮಾಡಬೇಡಿ ಅಂತ ಅಲ್ಲ. ಮೊದಲು ಚೆನ್ನಾಗಿ ನಕಲು ಮಾಡಿ. ನಕಲು ಮಾಡುವಷ್ಟು ಕಿವಿ ಇದ್ದವರಿಗೆ ಮಾತ್ರ ತಮ್ಮದು ಯಾವುದು, ಬೇರೆಯವರದ್ದು ಯಾವುದು ಅಂತ ಗೊತ್ತಾಗುತ್ತದೆ.

ಹೀಗೆ ಮಾಡಿ. ನಿಮಗಿಷ್ಟದ ಒಂದು ಸೋಲೋದಲ್ಲಿ ಎಂಟು ಬಾರ್ (ನಮ್ಮ ತಾಳದ ಆವರ್ತದಂಥ ಅಳತೆ) ಮಾತ್ರ ಆರಿಸಿಕೊಳ್ಳಿ. ಗಿಟಾರ್ ಮುಟ್ಟಬೇಡಿ. ಆ ಎಂಟು ಬಾರ್ ಬಾಯಲ್ಲಿ ಹಾಡಲು ಬರುವವರೆಗೆ ಕೇಳಿ. ರೆಕಾರ್ಡಿಂಗ್ ನಿಲ್ಲಿಸಿದ ಮೇಲೂ ಹಾಡಲು ಬಂದರೆ ಆಗ ಗಿಟಾರ್ ಎತ್ತಿಕೊಂಡು ಸ್ವರ ಹುಡುಕಿ. ಆಮೇಲೆ ಅದನ್ನೇ ಬೇರೆ ಮೂರು ಕೀಗಳಲ್ಲಿ, ಅಂದರೆ ಶ್ರುತಿಗಳಲ್ಲಿ ನುಡಿಸಿ. ಯಾವ ತಂತಿಯನ್ನು ಎಲ್ಲಿ ಒತ್ತಬೇಕು ಅಂತ ಅಂಕಿಯಲ್ಲಿ ತೋರಿಸುವ ಟ್ಯಾಬ್ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ ನಿಜ, ಆದರೆ ಟ್ಯಾಬ್ ನೋಡಿ ಕಲಿತ ಸೋಲೋ ಬೆರಳಿಗೆ ಹೋಗುತ್ತದೆಯೇ ಹೊರತು ಕಿವಿಗೆ ಹೋಗುವುದಿಲ್ಲ. ಸ್ಟುಡಿಯೋದಲ್ಲಿ ನಿರ್ಮಾಪಕರು "ಇಲ್ಲಿ ಹೀಗೆ ಏನಾದರೂ ಬೇಕು" ಅಂತ ಗುನುಗಿ ತೋರಿಸುತ್ತಾರೆ. ಅದನ್ನು ಆ ಕ್ಷಣದಲ್ಲೇ ತಂತಿಯ ಮೇಲೆ ತರಬೇಕು. ಆಗ ಕೈ ಹಿಡಿಯುವುದು ಈ ಅಭ್ಯಾಸವೇ.

ಎರಡು ತಂತಿಯ ಕಾರ್ಡ್

ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ಜಾಝ್ ಕಾರ್ಡ್ ಅಂದ ತಕ್ಷಣ ಎಲ್ಲರೂ ಐದಾರು ಬೆರಳು ಬೇಕಾಗುವ ದೊಡ್ಡ ದೊಡ್ಡ ಆಕಾರಗಳನ್ನು ಉರು ಹೊಡೆಯಲು ಶುರು ಮಾಡುತ್ತಾರೆ. ನನ್ನ ಮಾತು ಕೇಳಿ, ಎರಡು ಸ್ವರದಿಂದ ಶುರು ಮಾಡಿ. ಯಾವುದೇ ಕಾರ್ಡಿನಲ್ಲಿ ಮೂಲ ಸ್ವರದಿಂದ ಎಣಿಸಿದರೆ ಬರುವ ಮೂರನೆಯ ಸ್ವರ ಮತ್ತು ಏಳನೆಯ ಸ್ವರ ಇವೆರಡೇ ಅದು ಮೇಜರೋ ಮೈನರೋ, ಎಲ್ಲಿಗೆ ಹೊರಟಿದೆ ಅನ್ನುವುದನ್ನು ಹೇಳುತ್ತವೆ. ಮೂಲ ಸ್ವರವನ್ನು ಬೇಸ್ ನೋಡಿಕೊಳ್ಳುತ್ತದೆ.

ಈಗ ಗಿಟಾರ್ ಕೈಗೆತ್ತಿಕೊಳ್ಳಿ. ಜಾಝ್‌ನಲ್ಲಿ ಎಲ್ಲಿ ನೋಡಿದರೂ ಸಿಗುವ ಓಟ ಡಿ ಮೈನರ್ ಸೆವೆನ್ತ್, ಜಿ ಸೆವೆನ್ತ್, ಸಿ ಮೇಜರ್ ಸೆವೆನ್ತ್. ತಂತಿಗಳನ್ನು ಅತಿ ಸಣ್ಣದರಿಂದ ಎಣಿಸಿ, ನಾಲ್ಕನೇ ತಂತಿಯ 3ನೇ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಮೆಟ್ಟಿಲು), ಮೂರನೇ ತಂತಿಯ 5ನೇ ಫ್ರೆಟ್ ಒತ್ತಿ. ಎಫ್ ಮತ್ತು ಸಿ ಸಿಕ್ಕವು. ಇದು ನಿಮ್ಮ ಡಿ ಮೈನರ್ ಸೆವೆನ್ತ್. ನಾಲ್ಕನೇ ತಂತಿಯ ಬೆರಳನ್ನು ಅಲ್ಲೇ ಬಿಟ್ಟು, ಮೂರನೇ ತಂತಿಯದ್ದನ್ನು ಮಾತ್ರ ಒಂದು ಫ್ರೆಟ್ ಹಿಂದಕ್ಕೆ, 4ನೇ ಫ್ರೆಟ್ಟಿಗೆ ತನ್ನಿ. ಅದು ಜಿ ಸೆವೆನ್ತ್. ಈಗ ಮೂರನೇ ತಂತಿಯ ಬೆರಳನ್ನು ಅಲ್ಲೇ ಬಿಟ್ಟು ನಾಲ್ಕನೆಯದ್ದನ್ನು ಒಂದು ಫ್ರೆಟ್ ಹಿಂದೆ, 2ಕ್ಕೆ ತನ್ನಿ. ಸಿ ಮೇಜರ್ ಸೆವೆನ್ತ್ ಬಂತು. ಒಂದು ಸಲಕ್ಕೆ ಒಂದೇ ಬೆರಳು, ಒಂದೇ ಫ್ರೆಟ್. ಇದನ್ನು ನಿಧಾನವಾಗಿ ನುಡಿಸಿ ಕೇಳಿ, ಇಡೀ ಓಟದ ಅರ್ಥ ಆ ಎರಡು ತಂತಿಯಲ್ಲೇ ಇದೆ. ಸ್ಟುಡಿಯೋದಲ್ಲಿ ಪಿಯಾನೋ, ಬೇಸ್, ಡ್ರಮ್ಸ್, ವಯಲಿನ್ ಎಲ್ಲ ತುಂಬಿರುವಾಗ ನಿಮ್ಮಿಂದ ಬೇಕಾಗುವುದೂ ಇಷ್ಟೇ. ಆರು ತಂತಿ ಬಾರಿಸಿದರೆ ಹಾಡುಗಾರರಿಗೆ ಜಾಗವೇ ಉಳಿಯುವುದಿಲ್ಲ.

ಫ್ರೆಡ್ಡಿ ಗ್ರೀನ್ 1937ರಲ್ಲಿ ಕೌಂಟ್ ಬೇಸಿ ತಂಡಕ್ಕೆ ಸೇರಿ 1987ರಲ್ಲಿ ಸಾಯುವವರೆಗೂ ಅಲ್ಲೇ ರಿದಮ್ ಗಿಟಾರ್ ನುಡಿಸಿದರು. ಬಾರಿಗೆ ನಾಲ್ಕು ಹೊಡೆತ, ಅಷ್ಟೇ. ಸೋಲೋ ನುಡಿಸಿದ್ದು ತೀರಾ ಅಪರೂಪ. ಆ ಗಿಟಾರ್ ಕೇಳಿಸುವುದಕ್ಕಿಂತ ಜಾಸ್ತಿ ಅನುಭವಕ್ಕೆ ಬರುತ್ತದೆ. ಹೊಸಬರು ಅವರನ್ನು ಬೋರಿಂಗ್ ಅಂತ ದಾಟಿ ಹೋಗುತ್ತಾರೆ, ನನಗೆ ಬೇಸರ ಆಗುವುದು ಅದಕ್ಕೇ. ಒಂದು ವಾರ ಅವರನ್ನು ಮಾತ್ರ ಕೇಳಿ.

ಹಾಡುಗಾರರ ಹಿಂದೆ ಹೇಗೆ ನುಡಿಸಬೇಕು ಅಂತ ತಿಳಿಯಬೇಕಾದರೆ ಮಾತ್ರ ಮತ್ತೆ ಕೆಸೆಲ್ ಹತ್ತಿರ ಬನ್ನಿ. 1955ರಲ್ಲಿ ಜೂಲಿ ಲಂಡನ್ ಹಾಡಿದ 'ಕ್ರೈ ಮಿ ಎ ರಿವರ್' ಹುಡುಕಿ ಕೇಳಿ. ಡ್ರಮ್ಸ್ ಇಲ್ಲ, ಪಿಯಾನೋ ಇಲ್ಲ. ಕೆಸೆಲ್ ಅವರ ಗಿಟಾರ್, ರೇ ಲೆದರ್‌ವುಡ್ ಅವರ ಬೇಸ್, ಮೆಲ್ಲನೆಯ ಒಂದು ದನಿ. ಸಾಲು ಮುಗಿದು ಅವರು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಗಿಟಾರ್ ಮಾತಾಡುತ್ತದೆ, ಮುಂದಿನ ಸಾಲು ಶುರುವಾದೊಡನೆ ಹಿಂದೆ ಸರಿಯುತ್ತದೆ. ಹಾಡಿನ ಮಾತುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಗಿಟಾರ್ ಎಲ್ಲೆಲ್ಲಿ ಮುಂದೆ ಬರುತ್ತದೆ ಅಂತ ಗುರುತು ಹಾಕುತ್ತಾ ಹೋಗಿ. ಪಕ್ಕವಾದ್ಯದ ಬಗ್ಗೆ ಇಷ್ಟು ಸ್ಪಷ್ಟವಾಗಿ ಹೇಳಿಕೊಡುವ ಪಾಠ ನಾನು ಬೇರೆಲ್ಲೂ ಕಂಡಿಲ್ಲ.

ಓದಲು ಕಲಿಯಿರಿ, ತಪ್ಪಿಸಿಕೊಳ್ಳಬೇಡಿ

ಗಿಟಾರ್ ವಾದಕರು ಸ್ಟಾಫ್ ನೊಟೇಶನ್, ಅಂದರೆ ಐದು ಗೆರೆಗಳ ಮೇಲೆ ಬರೆದ ಸ್ವರಲಿಪಿ ಓದಲು ಹೆದರುತ್ತಾರೆ. ಹೆದರಿಕೆಗೆ ಕಾರಣವೂ ಇದೆ. ಪಿಯಾನೋದಲ್ಲಿ ಒಂದು ಸ್ವರಕ್ಕೆ ಒಂದೇ ಮನೆ. ಗಿಟಾರಿನಲ್ಲಿ ಹಾಗಲ್ಲ. ಸ್ಟಾಫಿನ ಮೇಲಿನ ಖಾಲಿ ಜಾಗದಲ್ಲಿ ಬರೆಯುವ ಇ ಸ್ವರ ತೆಗೆದುಕೊಳ್ಳಿ. ಅದು ಮೊದಲ ತಂತಿಯನ್ನು ಸುಮ್ನೆ ಮೀಟಿದರೂ ಬರುತ್ತದೆ, ಎರಡನೇ ತಂತಿಯ 5ನೇ ಫ್ರೆಟ್ಟಿನಲ್ಲೂ ಇದೆ, ಮೂರನೆಯದರ 9ನೇ, ನಾಲ್ಕನೆಯದರ 14ನೇ, ಐದನೆಯದರ 19ನೇ ಫ್ರೆಟ್ಟಿನಲ್ಲೂ ಇದೆ. ಒಂದೇ ಸ್ವರ, ಐದು ಜಾಗ. ಯಾವುದನ್ನು ಒತ್ತಬೇಕು ಅನ್ನುವುದು ಅದರ ಹಿಂದೆ ಮುಂದೆ ಏನಿದೆ ಅನ್ನುವುದರ ಮೇಲೆ ನಿಂತಿದೆ. ಹಾಗಾಗಿ ಗಿಟಾರಿನಲ್ಲಿ ಒಂದೊಂದೇ ಸ್ವರ ಓದುತ್ತಾ ಹೋದರೆ ಸಾಗುವುದಿಲ್ಲ, ಗುಂಪಾಗಿ ಓದಬೇಕು.

ಓದಲು ಬಾರದೆಯೂ ದೊಡ್ಡವರಾದವರು ಇದ್ದಾರಲ್ಲ ಅಂತ ನೀವು ಕೇಳಬಹುದು. ಇದ್ದಾರೆ. ಜಾಝ್ ಗಿಟಾರಿನ ದೊಡ್ಡ ಹೆಸರಾದ ವೆಸ್ ಮಾಂಟ್ಗೊಮರಿ ಓದುತ್ತಿರಲಿಲ್ಲ. ಲಾಸ್ ಏಂಜಲೀಸ್ ಸ್ಟುಡಿಯೋಗಳಲ್ಲೇ ದುಡಿದ ಗ್ಲೆನ್ ಕ್ಯಾಂಬೆಲ್‌ಗೂ ನೊಟೇಶನ್ ಬರುತ್ತಿರಲಿಲ್ಲ, ಅಸಾಧ್ಯ ಕಿವಿಯೇ ಅವರನ್ನು ನಡೆಸಿತು. ಆದರೆ ಸಿನಿಮಾ ಮತ್ತು ಟಿ.ವಿ. ಕೆಲಸ ಬಂದರೆ ಲೆಕ್ಕವೇ ಬೇರೆ. ಮೂವತ್ತು ನಲವತ್ತು ಜನರ ಆರ್ಕೆಸ್ಟ್ರಾ ಕೂತಿರುತ್ತದೆ, ನಿಮಗೋಸ್ಕರ ಯಾರೂ ಕಾಯುವುದಿಲ್ಲ. 'ಬೊನಾನ್ಜಾ', 'ಮ್ಯಾಶ್' ತರಹದ ಟಿ.ವಿ. ಧಾರಾವಾಹಿಗಳ ಶೀರ್ಷಿಕೆ ಸಂಗೀತಕ್ಕೆ ಗಿಟಾರ್ ನುಡಿಸಿದ ಟಾಮಿ ಟೆಡೆಸ್ಕೊ ಆ ಊರಿನಲ್ಲಿ ಅಷ್ಟು ವರ್ಷ ಬೇಡಿಕೆಯಲ್ಲಿ ಇದ್ದದ್ದು ಏನು ಮುಂದಿಟ್ಟರೂ ಓದುತ್ತಾರೆ ಅನ್ನುವ ನಂಬಿಕೆಯಿಂದ.

ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಆದರೆ ದಿನಾ ಬೇಕು. ಪ್ರತಿದಿನ ಹೊಸ ಹಾಳೆ ತೆಗೆಯಿರಿ, ಯಾಕೆಂದರೆ ಎರಡನೇ ದಿನ ಅದೇ ಹಾಳೆ ನುಡಿಸಿದರೆ ಅದು ಓದುವುದಾಗುವುದಿಲ್ಲ, ನೆನಪು ಮಾಡಿಕೊಳ್ಳುವುದಾಗುತ್ತದೆ. ಗಿಟಾರ್ ಪುಸ್ತಕಗಳು ಬೇಗ ಮುಗಿದುಹೋಗುತ್ತವೆ, ಅದಕ್ಕೆ ಕ್ಲಾರಿನೆಟ್ ಮತ್ತು ವಯಲಿನ್ ಅಭ್ಯಾಸದ ಪುಸ್ತಕ ಇಟ್ಟುಕೊಳ್ಳಿ. ಮೊದಲು ಗಿಟಾರ್ ಇಲ್ಲದೆ ಲಯವನ್ನಷ್ಟೇ ಬಾಯಲ್ಲಿ ಹೇಳಿ, ಕೈಯಲ್ಲಿ ತಟ್ಟಿ. ಕರ್ನಾಟಕ ಸಂಗೀತದಲ್ಲಿ ತಾಳ ಹಾಕಿ, ಸೊಲ್ಕಟ್ಟು ಹೇಳಿ ಬೆಳೆದವರಿಗೆ ಇಲ್ಲಿ ದೊಡ್ಡ ಅನುಕೂಲ ಇದೆ, ತಿಶ್ರ ಖಂಡಗಳ ಲೆಕ್ಕ ಅವರಿಗೆ ಮೈಗೂಡಿರುತ್ತದೆ. ಒಂದನ್ನು ಮಾತ್ರ ಅವರೂ ಹೊಸದಾಗಿ ಕಲಿಯಬೇಕು: ಸ್ವಿಂಗ್ ಎಂಬ ಜಾಝ್ ಲಯದಲ್ಲಿ ಒತ್ತು ಬೀಳುವುದು ಎರಡನೇ ಮತ್ತು ನಾಲ್ಕನೇ ಪೆಟ್ಟಿಗೆ. ಲಯ ತಟ್ಟುವ ಯಂತ್ರವಾದ ಮೆಟ್ರೊನೋಮನ್ನು ಅರ್ಧ ವೇಗಕ್ಕೆ ಇಟ್ಟು, ಅದರ ಸದ್ದು ಎರಡು ಮತ್ತು ನಾಲ್ಕರ ಮೇಲೆ ಬೀಳುತ್ತಿದೆ ಅಂದುಕೊಂಡು ನುಡಿಸಿ. ಮೊದಮೊದಲು ತಲೆಕೆಳಗಾದ ಹಾಗೆ ಅನ್ನಿಸುತ್ತದೆ, ಬಿಡಬೇಡಿ.

ನುಡಿಸಲು ಶುರು ಮಾಡಿದ ಮೇಲೆ ನಿಲ್ಲಿಸಬೇಡಿ. ಸ್ವರ ತಪ್ಪಿದರೆ ತಪ್ಪಲಿ, ಜಾಗ ತಪ್ಪಬಾರದು. ಸ್ಟುಡಿಯೋದಲ್ಲಿ ಒಂದು ಸ್ವರ ಬಿಟ್ಟವರನ್ನು ಸಹಿಸುತ್ತಾರೆ, ಎಲ್ಲಿದ್ದೇನೆ ಅಂತ ಗೊತ್ತಿಲ್ಲದವರನ್ನು ಇನ್ನೊಮ್ಮೆ ಕರೆಯುವುದಿಲ್ಲ.

ಹಾಳೆ ಕೈಗೆ ಬಂದು ಟೇಕ್ (ರೆಕಾರ್ಡಿಂಗಿನ ಒಂದು ಸುತ್ತು) ಶುರುವಾಗುವವರೆಗೆ ಸಿಗುವ ಒಂದೆರಡು ನಿಮಿಷ ಬಂಗಾರದಂಥದ್ದು. ಆಗ ಮೊದಲಿಂದ ನುಡಿಸಿ ನೋಡಲು ಹೋಗಬೇಡಿ. ಕೀ ಯಾವುದು, ಬಾರಿಗೆ ಎಷ್ಟು ಪೆಟ್ಟು, ಎಲ್ಲಿಂದ ಎಲ್ಲಿಗೆ ಹಿಂದಿರುಗಬೇಕು, ಕೋಡಾ (ಹಾಡು ಮುಗಿಸುವ ಕೊನೆಯ ಭಾಗ) ಎಲ್ಲಿದೆ ಅಂತ ಕಣ್ಣಾಡಿಸಿ. ಅತಿ ಎತ್ತರದ ಸ್ವರ ಯಾವುದು ಅಂತ ಹುಡುಕಿ, ಕೈ ಯಾವ ಫ್ರೆಟ್ಟಿನ ಹತ್ತಿರ ಇರಬೇಕು ಅನ್ನುವುದು ಅದರಿಂದಲೇ ತೀರ್ಮಾನವಾಗುತ್ತದೆ. ಆಮೇಲೆ ಇಡೀ ಹಾಳೆಯಲ್ಲಿ ಅತ್ಯಂತ ಕಷ್ಟದ ಬಾರ್ ಯಾವುದೋ ಅದನ್ನು ಮಾತ್ರ ಸದ್ದಿಲ್ಲದೆ ಬೆರಳಲ್ಲಿ ಆಡಿಸಿ. ಉಳಿದದ್ದು ತಾನಾಗಿ ಬರುತ್ತದೆ.

ಇನ್ನೊಂದು. ಹಾಡುವವರ ಗಂಟಲಿಗೆ ತಕ್ಕಂತೆ ಅಲ್ಲೇ ಕೀ ಬದಲಾಗುತ್ತದೆ. ಹಾಗಾಗಿ ಕಾರ್ಡುಗಳನ್ನು ಹೆಸರಿನಿಂದಲ್ಲ, ಆ ಕೀಯ ಮೊದಲ ಸ್ವರವನ್ನು ಒಂದು ಅಂತ ಎಣಿಸಿ, ಸಂಖ್ಯೆಯಿಂದ ಯೋಚಿಸುವುದು ರೂಢಿಯಾಗಲಿ: ಎರಡು, ಐದು, ಒಂದು. ಅಮೆರಿಕದ ನ್ಯಾಶ್‌ವಿಲ್ ಊರಿನ ವಾದಕರು 1950ರ ದಶಕದ ಕೊನೆಯಿಂದ ಹೀಗೆ ಸಂಖ್ಯೆಯಲ್ಲೇ ಬರೆದುಕೊಳ್ಳುತ್ತಾ ಬಂದಿದ್ದಾರೆ. ಶ್ರುತಿ ಬದಲಾದರೂ ಸ ಸ ಆಗಿಯೇ ಉಳಿಯುವ ನಮ್ಮವರಿಗೆ ಇದು ಬೇಗ ಒಗ್ಗುತ್ತದೆ.

ಒಂದು ಗಿಟಾರ್ ಸಾಲದು

ಜಾಝ್ ಅಂದರೆ ದೊಡ್ಡ ಹೊಟ್ಟೆಯ ಆರ್ಚ್‌ಟಾಪ್ ಗಿಟಾರ್ ಅಂತ ಮನಸ್ಸಲ್ಲಿ ಕೂತಿರುತ್ತದೆ. ಸ್ಟುಡಿಯೋಗೆ ಅದೊಂದೇ ಸಾಲದು. ಒಂದು ಸಾಲಿಡ್ ಬಾಡಿ, ಒಂದು ಸ್ಟೀಲ್ ತಂತಿಯ ಅಕೌಸ್ಟಿಕ್, ಒಂದು ನೈಲಾನ್ ತಂತಿಯದ್ದು ಇದ್ದರೆ ಬಹುಪಾಲು ಕೆಲಸಕ್ಕೆ ಸಾಕು. ಎಲ್ಲ ಒಟ್ಟಿಗೆ ಕೊಳ್ಳಬೇಕಿಲ್ಲ. ಯಾವ ಕೆಲಸ ಜಾಸ್ತಿ ಬರುತ್ತದೋ ನೋಡಿಕೊಂಡು ಆ ದುಡ್ಡಿನಿಂದಲೇ ಮುಂದಿನದ್ದನ್ನು ತನ್ನಿ.

ಟೆಡೆಸ್ಕೊ ಅವರ ಒಂದು ಉಪಾಯ ಬಹಳ ಪ್ರಸಿದ್ಧ. ಮ್ಯಾಂಡೊಲಿನ್, ಬ್ಯಾಂಜೊ, ಬೂಜೂಕಿ ಹೀಗೆ ತಂತಿ ಇರುವ ಯಾವ ವಾದ್ಯ ಕೇಳಿದರೂ ಅವರು ಹೂಂ ಅನ್ನುತ್ತಿದ್ದರು. ಆಮೇಲೆ ಅದರ ತಂತಿಗಳನ್ನು ಗಿಟಾರಿನ ಹಾಗೇ ಟ್ಯೂನ್ ಮಾಡಿಕೊಂಡು ಓದಿ ನುಡಿಸುತ್ತಿದ್ದರು. ಆ ವಾದ್ಯಕ್ಕೇ ಬದುಕು ಮುಡಿಪಿಟ್ಟವರು ಇದನ್ನು ಒಪ್ಪದೇ ಇರಬಹುದು. ಆದರೆ ಹಿನ್ನೆಲೆಯಲ್ಲಿ ಎಂಟು ಬಾರ್ ಬೇಕಾದಾಗ ಸಂಗೀತ ನಿರ್ದೇಶಕರಿಗೆ ಬೇಕಿದ್ದದ್ದು ಆ ಸದ್ದಿನ ಬಣ್ಣ, ಅದು ಸಿಗುತ್ತಿತ್ತು. ಅಮೆರಿಕದ ವಾದಕರ ಯೂನಿಯನ್ ನಿಯಮದಲ್ಲಿ ಒಂದೇ ಸೆಷನ್ನಿನಲ್ಲಿ ಎರಡನೇ ವಾದ್ಯ ನುಡಿಸಿದರೆ ಹೆಚ್ಚಿನ ಹಣವೂ ಬರುತ್ತದೆ.

ಕ್ಯಾರಲ್ ಕೇ ಅವರ ಕಥೆ ಇದಕ್ಕೆ ಉಲ್ಟಾ. 50ರ ದಶಕದಲ್ಲಿ ಲಾಸ್ ಏಂಜಲೀಸ್ ಕ್ಲಬ್ಬುಗಳಲ್ಲಿ ಬೀಬಾಪ್ ಎಂಬ ಜಾಝ್ ಶೈಲಿಯ ಗಿಟಾರ್ ನುಡಿಸುತ್ತಿದ್ದವರು ಅವರು. 1957ರಲ್ಲಿ ಬಂಪ್ಸ್ ಬ್ಲ್ಯಾಕ್‌ವೆಲ್ ಎಂಬ ನಿರ್ಮಾಪಕರು ಅವರನ್ನು ಗಾಯಕ ಸ್ಯಾಮ್ ಕುಕ್ ಅವರ ರೆಕಾರ್ಡಿಂಗ್‌ಗೆ ಕರೆದರು. ಕ್ಲಬ್ಬಿಗಿಂತ ಎಷ್ಟೋ ಹೆಚ್ಚು ಹಣ ಅಲ್ಲಿತ್ತು. ಆಮೇಲೆ 1963ರಲ್ಲಿ ಕ್ಯಾಪಿಟಲ್ ಸ್ಟುಡಿಯೋದ ಒಂದು ಸೆಷನ್‌ಗೆ ಬೇಸ್ ವಾದಕರು ಬರಲೇ ಇಲ್ಲ. ಇವರ ಕೈಗೆ ಬೇಸ್ ಬಂತು. ಮೂರು ನಾಲ್ಕು ಗಿಟಾರ್ ಹೊರುವ ಬದಲು ಒಂದೇ ವಾದ್ಯ ಹೊತ್ತರೆ ಸಾಕು ಅನ್ನುವುದು ಅವರಿಗೆ ಹಿಡಿಸಿತು, ಹೊಸ ಬೇಸ್ ಸಾಲುಗಳನ್ನು ಕಟ್ಟುವ ಸ್ವಾತಂತ್ರ್ಯವೂ ಸಿಕ್ಕಿತು. ಇವತ್ತು ಜಗತ್ತು ಅವರನ್ನು ಗುರುತಿಸುವುದು ಬೇಸ್ ವಾದಕಿಯಾಗಿ. ಆದರೆ ಆ ಬೇಸ್ ಸಾಲುಗಳ ಹಿಂದೆ ಇರುವುದು ಜಾಝ್ ಗಿಟಾರಿನ ತಲೆ, ಕಾರ್ಡಿನ ಒಳಗೆ ಯಾವ ಸ್ವರ ಯಾವಾಗ ಮುಟ್ಟಬೇಕು ಅನ್ನುವ ತಿಳಿವಳಿಕೆ.

ಕೆಲಸ ಸಿಗುವುದು ಹೇಗೆ

ಕ್ಯಾರಲ್ ಕೇ ಅವರನ್ನು ಸ್ಟುಡಿಯೋದವರು ಕಂಡದ್ದು ಕ್ಲಬ್ಬಿನಲ್ಲಿ. ಇದನ್ನು ಗಮನಿಸಿ. ಸೆಷನ್ ಕೆಲಸಕ್ಕೆ ಅರ್ಜಿ ಹಾಕುವ ಪದ್ಧತಿ ಇಲ್ಲ. ಬೇರೆ ವಾದಕರು ನಿಮ್ಮ ಹೆಸರು ಹೇಳಬೇಕು. ಅವರು ಹೇಳಬೇಕಾದರೆ ನಿಮ್ಮನ್ನು ಕೇಳಿರಬೇಕು. ಹಾಗಾಗಿ ಹಣ ಕಡಿಮೆಯಾದರೂ ಒಳ್ಳೆಯ ವಾದಕರು ಬರುವ ಜಾಗದಲ್ಲಿ ನುಡಿಸಿ. ಬೇಸ್ ಮತ್ತು ಡ್ರಮ್ಸ್ ನುಡಿಸುವವರ ಜೊತೆ ಸ್ನೇಹ ಬೆಳೆಸಿಕೊಳ್ಳಿ. ಇನ್ನೊಬ್ಬ ಗಿಟಾರ್ ವಾದಕರನ್ನು ಎದುರಾಳಿ ಅಂದುಕೊಳ್ಳಬೇಡಿ. ಒಂದೇ ಹೊತ್ತಿಗೆ ಎರಡು ಕಡೆ ಕರೆ ಬಂದಾಗ ಅವರು ಬಿಟ್ಟದ್ದು ನಿಮಗೆ ಬರುತ್ತದೆ, ಎಷ್ಟೋ ಮಂದಿ ಶುರು ಮಾಡಿದ್ದು ಹೀಗೆ ಬದಲಿಯಾಗಿಯೇ. ಕರೆ ಬಂದಾಗ ಉತ್ತರ ಕೂಡಲೇ ಹೋಗಬೇಕು. ಆ ಕಾಲದ ಲಾಸ್ ಏಂಜಲೀಸ್ ವಾದಕರು ತಾವು ಸ್ಟುಡಿಯೋದಲ್ಲಿ ಇರುವಾಗ ಫೋನ್ ಎತ್ತಲು ಹಣ ಕೊಟ್ಟು ಸೇವೆ ಇಟ್ಟುಕೊಂಡಿದ್ದರು. ಈಗ ಜೇಬಲ್ಲೇ ಫೋನ್ ಇದೆ.

ಯಾವ ಕೆಲಸ ಒಪ್ಪಬೇಕು? ಟೆಡೆಸ್ಕೊ ಹೇಳುತ್ತಿದ್ದ ಲೆಕ್ಕ ನನಗೆ ತುಂಬಾ ಇಷ್ಟ: ಹಣ, ಪರಿಚಯ, ಅನುಭವ, ಖುಷಿ, ಈ ನಾಲ್ಕರಲ್ಲಿ ಒಂದಾದರೂ ಇದ್ದರೆ ಹೋಗಿ. ಒಂದೂ ಇಲ್ಲದಿದ್ದರೆ ಬೇಡ ಅನ್ನಿ. ಅವರು 'ಗಿಟಾರ್ ಪ್ಲೇಯರ್' ಪತ್ರಿಕೆಯ ತಮ್ಮ ಅಂಕಣದಲ್ಲಿ ಯಾವ ಸೆಷನ್, ಏನು ನುಡಿಸಿದೆ, ಎಷ್ಟು ಹಣ ಬಂತು ಅಂತ ಬಿಚ್ಚಿ ಬರೆಯುತ್ತಿದ್ದರು. ನೀವೂ ಅಂಥದ್ದೊಂದು ಡೈರಿ ಇಡಿ. ವರ್ಷದ ಕೊನೆಯಲ್ಲಿ ಅದನ್ನು ತಿರುವಿ ಹಾಕಿದರೆ ನಿಮ್ಮ ಬದುಕು ಯಾವ ಕಡೆ ಹೊರಟಿದೆ ಅಂತ ಕಣ್ಣಿಗೆ ಕಾಣುತ್ತದೆ.

ಕುರ್ಚಿಯಲ್ಲಿ ಕೂತ ಮೇಲೆ

ಅರ್ಧ ಗಂಟೆ ಮುಂಚೆ ಹೋಗಿ. ಹೊಸ ತಂತಿ, ಎರಡು ಕೇಬಲ್, ಪೆನ್ಸಿಲ್, ರಬ್ಬರ್, ಕಾಪೊ, ಟ್ಯೂನರ್ ಬ್ಯಾಗಿನಲ್ಲಿ ಇರಲಿ. ಪೆನ್ಸಿಲ್ ಮರೆತವರನ್ನು ನೋಡಿದರೆ ಹೊಸಬರು ಅಂತ ಗೊತ್ತಾಗಿಬಿಡುತ್ತದೆ.

ಅಮೆರಿಕದ ಯೂನಿಯನ್ ಸೆಷನ್ ಸಾಮಾನ್ಯವಾಗಿ ಮೂರು ಗಂಟೆಯದ್ದು. ಅಷ್ಟರಲ್ಲಿ ಮೂರು ನಾಲ್ಕು ಹಾಡು ಮುಗಿಯಬೇಕು ಅನ್ನುವ ನಿರೀಕ್ಷೆ ಇರುತ್ತಿತ್ತು. ಹಾಗಾಗಿ ಮಾತು ಕಡಿಮೆ. ಹೆಡ್‌ಫೋನಿನಲ್ಲಿ ಏನು ಜಾಸ್ತಿ ಬೇಕು ಅಂತ ಒಂದೇ ಸಲ ಕೇಳಿ. ಟೇಕ್ ನಡುವೆ ಗಿಟಾರ್ ಗೀಚುತ್ತಾ ಕೂರಬೇಡಿ, ಪಕ್ಕದವರು ಏನೋ ಸರಿಮಾಡಿಕೊಳ್ಳುತ್ತಿರುತ್ತಾರೆ. ಸಲಹೆ ಇದ್ದರೆ ಮಾತಲ್ಲಿ ಹೇಳುವುದಕ್ಕಿಂತ ಮುಂದಿನ ಟೇಕ್‌ನಲ್ಲಿ ನುಡಿಸಿ ತೋರಿಸಿ.

ನಿರ್ಮಾಪಕ ಫಿಲ್ ಸ್ಪೆಕ್ಟರ್ 60ರ ದಶಕದ ಶುರುವಿನಲ್ಲಿ ಗೋಲ್ಡ್ ಸ್ಟಾರ್ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡುವಾಗ ಮೂರು ನಾಲ್ಕು ಗಿಟಾರುಗಳನ್ನು ಒಟ್ಟಿಗೆ ಕೂರಿಸಿ ಒಂದೇ ಸರಳ ಭಾಗವನ್ನು ಗಂಟೆಗಟ್ಟಲೆ ನುಡಿಸುವಂತೆ ಮಾಡುತ್ತಿದ್ದರು. ಆ ಸಾಲಿನಲ್ಲಿ ಕೆಸೆಲ್ ಇದ್ದರು. ಆಸ್ಕರ್ ಪೀಟರ್ಸನ್ ಟ್ರಿಯೋದಲ್ಲಿ ಮಿಂಚಿನ ವೇಗದಲ್ಲಿ ನುಡಿಸಿ ಬಂದಿದ್ದ ಕೆಸೆಲ್! ಮೂರು ಕಾರ್ಡನ್ನು ನೂರು ಸಲ ಒಂದೇ ತೂಕದಲ್ಲಿ ನುಡಿಸುವುದು ಅವಮಾನ ಅಲ್ಲ, ಅದಕ್ಕೂ ಹಿಡಿತ ಬೇಕು. ನಿಮ್ಮ ಜಾಝ್ ಗೊತ್ತಿದೆ ಅಂತ ಪ್ರತಿ ಹಾಡಿಗೂ ನೈನ್ತ್, ಥರ್ಟೀನ್ತ್ ತರಹದ ಜಾಝ್ ಕಾರ್ಡುಗಳನ್ನು ತುರುಕಬೇಡಿ. ಹಾಡಿಗೆ ಬೇಕಾದಾಗ ಅದು ಬರಲಿ. ಲ್ಯಾರಿ ಕಾರ್ಲ್ಟನ್ 1976ರಲ್ಲಿ ಸ್ಟೀಲಿ ಡ್ಯಾನ್ ತಂಡದ 'ಕಿಡ್ ಶಾರ್ಲಮೇನ್' ಹಾಡಿಗೆ ನುಡಿಸಿದ ಸೋಲೋ ಕೇಳಿದರೆ ಇದು ಅರ್ಥ ಆಗುತ್ತದೆ. ರಾಕ್ ಹಾಡು, ರಾಕ್ ಗಿಟಾರಿನ ಸದ್ದು, ಆದರೆ ಬದಲಾಗುವ ಒಂದೊಂದು ಕಾರ್ಡನ್ನೂ ಜಾಝ್ ವಾದಕರ ಹಾಗೆ ಹಿಂಬಾಲಿಸುತ್ತಾರೆ.

ಹಣದ ವಿಷಯ

ಇಲ್ಲಿ ನಾಚಿಕೆ ಬೇಡ. ಲಾಸ್ ಏಂಜಲೀಸ್‌ನಲ್ಲಿ ಲೋಕಲ್ 47 ಎಂಬ ವಾದಕರ ಯೂನಿಯನ್ ಕನಿಷ್ಠ ದರ ಗೊತ್ತು ಮಾಡಿತ್ತು, ಪಿಂಚಣಿಗೆ ಹಣ ಹೋಗುತ್ತಿತ್ತು. ಆ ಭದ್ರತೆ ಎಲ್ಲರಿಗೂ ಒಂದೇ ಸಮ ಸಿಗಲಿಲ್ಲ ಅನ್ನುವುದನ್ನೂ ಹೇಳಬೇಕು. ಕರಿಯ ವಾದಕರ ಲೋಕಲ್ 767 ಬೇರೆಯೇ ಇತ್ತು. ಬಡ್ಡಿ ಕೊಲೆಟ್ ಮೊದಲಾದವರು ಹೋರಾಡಿ 1953ರಲ್ಲಿ ಎರಡನ್ನೂ ಒಂದು ಮಾಡಿಸಿದರು. ಜಾಝ್ ಕೊಟ್ಟ ಜನರಿಗೇ ಆ ಸ್ಟುಡಿಯೋಗಳ ಬಾಗಿಲು ತಡವಾಗಿ ತೆರೆಯಿತು. ಅವರ ಸಂಗೀತದಿಂದ ಅನ್ನ ತಿನ್ನುವ ನಾವು ಇದನ್ನು ಮರೆಯಬಾರದು.

ನಿಮಗೆ ಯೂನಿಯನ್ ಇಲ್ಲದಿದ್ದರೆ ನಿಯಮ ನೀವೇ ಮಾಡಿಕೊಳ್ಳಿ. ಎಷ್ಟು ಗಂಟೆ, ಎಷ್ಟು ಹಾಡು, ಎಷ್ಟು ಸಲ ತಿದ್ದುಪಡಿ, ಹಣ ಯಾವಾಗ, ಹೆಸರು ಹಾಕುತ್ತಾರೋ ಇಲ್ಲವೋ, ಇದೆಲ್ಲ ಒಂದು ಮೆಸೇಜಿನಲ್ಲಾದರೂ ಬರಹದಲ್ಲಿ ಇರಲಿ. 60ರ ದಶಕದ ಎಷ್ಟೋ ರೆಕಾರ್ಡುಗಳ ಮೇಲೆ ವಾದಕರ ಹೆಸರೇ ಇಲ್ಲ, ಯಾವ ಹಾಡಿಗೆ ಯಾರು ನುಡಿಸಿದರು ಅಂತ ಇವತ್ತಿಗೂ ಜಗಳ ನಡೆಯುತ್ತಿದೆ. ಭಾರತದಲ್ಲಿ 2012ರ ಕಾಪಿರೈಟ್ ತಿದ್ದುಪಡಿಯಲ್ಲಿ ಕಲಾವಿದರಿಗೂ ರಾಯಲ್ಟಿಯ ಹಕ್ಕು ಇದೆ. ಸಹಿ ಮಾಡುವ ಮುಂಚೆ ಕಾಗದ ಪೂರ್ತಿ ಓದಿ.

ಉಳಿತಾಯವೂ ಬೇಕು. ನ್ಯಾಶ್‌ವಿಲ್‌ನಲ್ಲಿ ಎಲ್ವಿಸ್ ಪ್ರೀಸ್ಲಿ ಹಾಡುಗಳಿಗೆ ನುಡಿಸುತ್ತಾ, ತಮ್ಮದೇ ಸೊಗಸಾದ ಜಾಝ್ ರೆಕಾರ್ಡ್ ಮಾಡಿದ್ದ ಹ್ಯಾಂಕ್ ಗಾರ್ಲಂಡ್ 1961ರಲ್ಲಿ ಕಾರು ಅಪಘಾತಕ್ಕೆ ಸಿಕ್ಕರು. ಆಗಿನ್ನೂ ಮೂವತ್ತು ವಯಸ್ಸು. ಸ್ಟುಡಿಯೋ ಬದುಕು ಅಲ್ಲಿಗೆ ಮುಗಿಯಿತು. ಆರೋಗ್ಯ ವಿಮೆ, ಆರು ತಿಂಗಳ ಖರ್ಚಿನಷ್ಟು ಹಣ, ಇವೆರಡು ಇಲ್ಲದೆ ಹೊಸ ಗಿಟಾರ್ ಕೊಳ್ಳಬೇಡಿ.

ಈಗ ಎಷ್ಟೋ ಕೆಲಸ ಮನೆಯಿಂದಲೇ ನಡೆಯುತ್ತದೆ. ಹಾಡಿನ ವೇಗ, ಕೀ, ಮಾದರಿ ಹಾಡು ಇವನ್ನು ಮೊದಲೇ ಕೇಳಿ. 24 ಬಿಟ್, 48 ಕಿಲೋಹರ್ಟ್ಸ್ ವೇವ್ ಫೈಲ್ ಕಳಿಸುವುದು ರೂಢಿ, ಬೇರೆ ಏನಾದರೂ ಬೇಕಾ ಅಂತ ವಿಚಾರಿಸಿ. ಪ್ರತಿ ಟ್ರ್ಯಾಕೂ ಹಾಡಿನ ಸೊನ್ನೆಯಿಂದ ಶುರುವಾಗಲಿ, ಇಲ್ಲದಿದ್ದರೆ ಜೋಡಿಸುವವರಿಗೆ ತಲೆನೋವು. ಎಫೆಕ್ಟ್ ಇರುವುದು ಒಂದು, ಇಲ್ಲದ್ದು ಒಂದು, ಎರಡನ್ನೂ ಕಳಿಸಿ. ಫೈಲಿಗೆ ನಿಮ್ಮ ಹೆಸರು, ಹಾಡಿನ ಹೆಸರು, ವಾದ್ಯ ಬರೆಯಿರಿ.

ಜಾಝ್ ಉಳಿಸಿಕೊಳ್ಳುವುದು

ನಾನು ಇಷ್ಟೆಲ್ಲ ಬರೆಯುತ್ತಿರುವುದೇ ಈ ಮಾತಿಗೋಸ್ಕರ. ಸೆಷನ್ ಕೆಲಸ ಚೆನ್ನಾಗಿ ಕೂಡಿ ಬಂದಾಗಲೇ ಜಾಝ್ ಕೈ ತಪ್ಪುವುದು. ದಿನಕ್ಕೆ ಎರಡು ಮೂರು ರೆಕಾರ್ಡಿಂಗ್ ಮುಗಿಸಿ ಬಂದವರಿಗೆ ರಾತ್ರಿ ಗಿಟಾರ್ ಮುಟ್ಟಲು ಮನಸ್ಸಾಗುವುದಿಲ್ಲ. ಒಂದೆರಡು ವರ್ಷ ಹೀಗೇ ಕಳೆದರೆ ಸ್ವಂತ ಸೋಲೋ ಕಟ್ಟುವ ಶಕ್ತಿಯೇ ಮೊಂಡಾಗುತ್ತದೆ.

ಲಾಸ್ ಏಂಜಲೀಸ್‌ನವರು ಇದಕ್ಕೆ ತಮ್ಮದೇ ಏರ್ಪಾಡು ಮಾಡಿಕೊಂಡಿದ್ದರು. ಕೆಸೆಲ್ 1957ರಲ್ಲಿ ರೇ ಬ್ರೌನ್ ಮತ್ತು ಶೆಲ್ಲಿ ಮ್ಯಾನ್ ಜೊತೆ ಸೇರಿ ಪೋಲ್ ವಿನ್ನರ್ಸ್ ಟ್ರಿಯೋ ಕಟ್ಟಿ ರೆಕಾರ್ಡ್ ಮಾಡಿದರು. ಗಿಟಾರ್, ಬೇಸ್, ಡ್ರಮ್ಸ್ ಮೂರೇ. ಡ್ರಮ್ಸ್ ನುಡಿಸುವ ಶೆಲ್ಲಿ ಮ್ಯಾನ್ 1960ರಲ್ಲಿ ಹಾಲಿವುಡ್‌ನಲ್ಲಿ ಸ್ವಂತ ಜಾಝ್ ಕ್ಲಬ್ಬನ್ನೇ ತೆರೆದರು. ಸೆಷನ್ ಪಿಯಾನೋ ವಾದಕ ಡಾನ್ ರ‍್ಯಾಂಡಿ 1970ರಲ್ಲಿ ಬೇಕ್ಡ್ ಪೊಟೇಟೊ ಎಂಬ ಕ್ಲಬ್ ಶುರು ಮಾಡಿದರು. ಲ್ಯಾರಿ ಕಾರ್ಲ್ಟನ್, ಲೀ ರಿಟೆನೌರ್ ತರಹದ ಸ್ಟುಡಿಯೋ ಗಿಟಾರ್ ವಾದಕರು ಹಗಲಿನ ಕೆಲಸ ಮುಗಿಸಿ ಅಲ್ಲಿ ತಮ್ಮದನ್ನು ನುಡಿಸುತ್ತಿದ್ದರು. ಹೊವಾರ್ಡ್ ರಾಬರ್ಟ್ಸ್ ಕಲಿಸುವ ಕಡೆ ತಿರುಗಿ, 1977ರಲ್ಲಿ ಹಾಲಿವುಡ್‌ನಲ್ಲಿ ಶುರುವಾದ ಗಿಟಾರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಸ್ಥಾಪಕರಲ್ಲಿ ಒಬ್ಬರಾದರು. ಟೆಡೆಸ್ಕೊ ಅಲ್ಲಿ ಪಾಠ ಹೇಳಿದರು. ಕೆಸೆಲ್ ಅಂತೂ 1969ರಲ್ಲಿ ಸ್ಟುಡಿಯೋ ಕೆಲಸ ಬಿಟ್ಟು ಲಂಡನ್ನಿಗೆ ಹೊರಟೇಬಿಟ್ಟರು, ಆಮೇಲೆ ಹರ್ಬ್ ಎಲ್ಲಿಸ್, ಚಾರ್ಲಿ ಬರ್ಡ್ ಜೊತೆ ಗ್ರೇಟ್ ಗಿಟಾರ್ಸ್ ಎಂಬ ಹೆಸರಿನಲ್ಲಿ ಊರೂರು ಸುತ್ತಿ ಜಾಝ್ ನುಡಿಸಿದರು.

ನೀವು ಕ್ಲಬ್ ತೆರೆಯಬೇಕಿಲ್ಲ, ದೇಶ ಬಿಡಬೇಕಿಲ್ಲ. ವಾರದಲ್ಲಿ ಒಂದು ಸಂಜೆ ಗೊತ್ತು ಮಾಡಿ. ಆ ಸಂಜೆಗೆ ಎಂಥ ಕರೆ ಬಂದರೂ ಸಾಧ್ಯವಾದಷ್ಟು ಒಪ್ಪಬೇಡಿ. ಒಬ್ಬ ಬೇಸ್ ವಾದಕರನ್ನು ಮನೆಗೆ ಕರೆಯಿರಿ, ಡ್ರಮ್ಸ್ ಇಲ್ಲದಿದ್ದರೂ ನಡೆಯುತ್ತದೆ. ತಿಂಗಳಿಗೆ ಎರಡು ಹೊಸ ಸ್ಟ್ಯಾಂಡರ್ಡ್ ಟ್ಯೂನ್ (ಜಾಝ್ ವಾದಕರೆಲ್ಲ ನುಡಿಸುವ ಹೆಸರಾದ ಹಾಡು), ಹಾಳೆ ಇಲ್ಲದೆ, ಕನಿಷ್ಠ ಮೂರು ಕೀಗಳಲ್ಲಿ. ಫೋನಿನಲ್ಲಿ ರೆಕಾರ್ಡ್ ಮಾಡಿ, ಮಾರನೇ ದಿನ ಸ್ಟುಡಿಯೋಗೆ ಹೋಗುವ ದಾರಿಯಲ್ಲಿ ಕೇಳಿ. ಮೂರು ತಿಂಗಳಾದ ಮೇಲೆ ಅದೇ ಇಬ್ಬರು ಸೇರಿ ಹತ್ತಿರದ ಒಂದು ಕೆಫೆಯವರನ್ನು ಹೋಗಿ ಕೇಳಿ, ತಿಂಗಳಿಗೊಮ್ಮೆ ಇಲ್ಲಿ ನುಡಿಸಬಹುದಾ ಅಂತ.